ಹಾಳಾದ ಪುಟವೂ ಇರಲಿ

‘ನಿಮಗೆ ಇಷ್ಟವಾದ ಚಿತ್ರ ಬರೆಯಿರಿ’ ಎಂದು ಮಾಸ್ತರರು ಹೇಳಿದರೆ ಸಾಕು, ಇಡೀ ತರಗತಿಯಲ್ಲಿ ಹೆಚ್ಚುಕಡಿಮೆ ಒಂದೇ ಚಿತ್ರ ಮೂಡುತ್ತದೆ. ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಂಡೆಯಲ್ಲಿ ತೆಂಗಿನ ಮರ, ಹೆಂಚಿನ ಮನೆ. ಶಹಾಪುರದ ಮಗುವೂ ಇದನ್ನೇ ಬರೆಯುತ್ತದೆ. ಆದರೆ ಶಹಾಪುರದ ಬೆಟ್ಟ ತ್ರಿಕೋನವಲ್ಲ. ಒಂದು ದಿಕ್ಕಿನಿಂದ ನೋಡಿದರೆ ಅದು ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಜನ ಅದನ್ನು ‘ಮಲಗಿದ ಬುದ್ಧ’ ಎನ್ನುತ್ತಾರೆ. ದಿನವೂ ಕಣ್ಣಿಗೆ ಬೀಳುವ ಆ ಬೆಟ್ಟ ಮಗುವಿನ ಹಾಳೆಗೆ ಬರುವುದೇ ಇಲ್ಲ.

ಕಂಡದ್ದನ್ನು ಬಿಟ್ಟು ಕಲಿತದ್ದನ್ನೇ ಬರೆಯುವ ಈ ರೂಢಿಯನ್ನು ಬಿಡಿಸಲು ಒಂದು ಸ್ಕೆಚ್ ಪುಸ್ತಕ ಸಾಕು. ಅಂಗಡಿಯ ದುಬಾರಿ ಪುಸ್ತಕವೇ ಬೇಕೆಂದಿಲ್ಲ. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಸೇರಿಸಿ ಹೊಲಿದರೂ ಆದೀತು. ಇದಕ್ಕೆ ಅಂಕವಿಲ್ಲ, ರುಜುವಿಲ್ಲ. ದಿನಕ್ಕೆ ಹತ್ತು ನಿಮಿಷ ಯಾವುದಾದರೂ ಒಂದನ್ನು ನೋಡಿ ಬರೆಯುವುದು, ಪಕ್ಕದಲ್ಲಿ ನಾಲ್ಕು ಮಾತು ಗುರುತು ಹಾಕುವುದು, ಮೂಲೆಯಲ್ಲಿ ತಾರೀಖು ಮತ್ತು ಜಾಗದ ಹೆಸರು ನಮೂದಿಸುವುದು, ಇಷ್ಟೇ ನಿಯಮ.

ಈ ಸೀಮೆಗೆ ಇದು ಹೊಸತೇನಲ್ಲ. 1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಾದಂಬರಿಕಾರರೂ ಹೌದು, ಚಿತ್ರ ಬರೆಯುವ ಹವ್ಯಾಸಿಯೂ ಹೌದು. ಅವರು ವಾಸವಾಗಿದ್ದ ಮನೆ ‘ಟೇಲರ್ ಮಂಜಿಲ್’ ಎಂದೇ ಹೆಸರಾಗಿದೆ. ಆಡಳಿತದ ಕೆಲಸದ ನಡುವೆಯೇ ಅವರು ಸುತ್ತಲಿನ ಪ್ರಾಚೀನ ಶಿಲಾಗೋರಿಗಳನ್ನು ಅಳೆದು, ಚಿತ್ರ ಬರೆದು, ವಿವರ ಗುರುತು ಹಾಕಿ ಪ್ರಕಟಿಸಿದರು. ಬಯಲಲ್ಲಿ ಬಿದ್ದ ಬಂಡೆಗಳೆಂದು ಜನ ದಾಟಿಹೋಗುತ್ತಿದ್ದವು ಹೀಗೆ ಇತಿಹಾಸದ ಪುಟ ಸೇರಿದವು.

ಅದೇ ಸುರಪುರ ಕಿರುಚಿತ್ರಗಳಿಗೂ ಪ್ರಸಿದ್ಧ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಈ ಕಲೆಯಲ್ಲಿ ಸೂಜಿಮೊನೆಯಂಥ ಗೆರೆಗಳನ್ನೂ ಬಂಗಾರದ ಹೊಳಪನ್ನೂ ಕಂಡು ಬೆರಗಾಗದವರಿಲ್ಲ. ಇಂಥ ಚಿತ್ರ ಒಂದೇ ಏಟಿಗೆ ಮೂಡುವುದಿಲ್ಲ. ಕಿರುಚಿತ್ರಕಾರರು ಮೊದಲು ತೆಳುವಾಗಿ ರೇಖೆ ಹಾಕಿ, ತಪ್ಪಿದ್ದನ್ನು ತಿದ್ದಿ, ಬಣ್ಣ ತುಂಬಿ, ಕಡೆಗೆ ಅಂಚಿನ ಗೆರೆ ಎಳೆಯುತ್ತಾರೆ. ನೋಡುವವರಿಗೆ ಕಾಣುವುದು ಕಡೆಯ ಗೆರೆ ಮಾತ್ರ. ಮಗುವಿನ ಸ್ಕೆಚ್ ಪುಸ್ತಕದಲ್ಲಿ ಇರುವುದು ಆ ಮೊದಲ ಗೆರೆಗಳು. ಅದರಲ್ಲಿ ಅಂದವನ್ನು ಹುಡುಕಿದರೆ ಸಿಗುವುದೆಲ್ಲಿಂದ?

ಚಿತ್ರದ ಪಕ್ಕದ ನಾಲ್ಕು ಮಾತೇ ಮುಂದೆ ಕವಿತೆಯಾಗುತ್ತದೆ. ಒಬ್ಬ ಹುಡುಗಿ ಒಡೆದ ಹತ್ತಿಕಾಯಿಯ ಚಿತ್ರ ಬರೆದಳೆನ್ನಿ. ಪಕ್ಕದಲ್ಲಿ ‘ಅಜ್ಜಿಯ ಕೂದಲು’, ‘ಸಿಪ್ಪೆ ಚುಚ್ಚುತ್ತದೆ’, ‘ಅವ್ವನ ಬೆರಳು’ ಎಂದು ಗೀಚಿದಳು. ಚಿತ್ರದಲ್ಲಿ ಹತ್ತಿ ಇದ್ದೇ ಇದೆ. ‘ಹತ್ತಿ ಬೆಳ್ಳಗಿದೆ’ ಎಂದು ಕವಿತೆ ಮತ್ತೆ ಹೇಳಬೇಕಿಲ್ಲ. ಹತ್ತಿ ಬಿಡಿಸಿ ಒರಟಾದ ಅವ್ವನ ಬೆರಳಿನ ಬಗ್ಗೆ ಹೇಳಲಿ. ಚಿತ್ರ ಒಂದು ಮಾತು ಹೇಳಬೇಕು, ಕವಿತೆ ಇನ್ನೊಂದು ಮಾತು ಸೇರಿಸಬೇಕು. ಪ್ರಾಸ ತಾನಾಗಿ ಬಂದರೆ ಬರಲಿ, ಮನೆಯ ಮಾತು ಮಾತ್ರ ಬಿಟ್ಟುಹೋಗದಿರಲಿ. ಇದೇ ನೆಲದ ಮುದನೂರಿನ ದೇವರ ದಾಸಿಮಯ್ಯ ನೇಕಾರ. ಮಗ್ಗದ ಕೆಲಸವನ್ನೇ ಹಿಡಿದು ಕಟ್ಟಿದ ವಚನ ಅವರ ಹೆಸರಿನಲ್ಲಿದೆ. ಕೈಗೆ ತಿಳಿದ ಕೆಲಸ ಕಾವ್ಯಕ್ಕೆ ಸಣ್ಣದಲ್ಲ.

ಇಂಥ ಏಳೆಂಟು ಕವಿತೆಗಳಾದರೆ ಒಂದು ಪುಸ್ತಕವನ್ನೇ ಮಾಡಬಹುದು. ಅದಕ್ಕೆ ಮಾದರಿ ನಮ್ಮ ಹಿರಿಯರ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಚಿ, ಬಳಪದಿಂದ ಬರೆದು ಲೆಕ್ಕಪತ್ರ ಇಡುತ್ತಿದ್ದರು. ಮಕ್ಕಳಿಗೆ ಡ್ರಾಯಿಂಗ್ ಹಾಳೆಯೇ ಸಾಕು. ಅದನ್ನು ಗೇಣುದ್ದ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ತುದಿಗೊಂದು ಅಂಟಿಸಿ, ಬೀಸಣಿಗೆಯಂತೆ ಮಡಚಬೇಕು. ಎರಡು ತುದಿಗೂ ಹಳೆಯ ಲಗ್ನಪತ್ರಿಕೆಯ ರಟ್ಟು ಅಂಟಿಸಿದರೆ ಹೊದಿಕೆಯಾಯಿತು. ಒಂದು ಮಡಿಕೆಯಲ್ಲಿ ಚಿತ್ರ, ಮುಂದಿನದರಲ್ಲಿ ಕವಿತೆ. ಪೂರ್ತಿ ಬಿಡಿಸಿದರೆ ಯಾದಗಿರಿಯ ಕೋಟೆಗುಡ್ಡದಿಂದ ಭೀಮೆಯ ದಂಡೆಯವರೆಗೆ ಒಂದೇ ಉದ್ದದ ಚಿತ್ರವನ್ನೂ ಬರೆಯಬಹುದು.

ಪಾಲಕರಿಂದ ಆಗಬೇಕಾದದ್ದು ಒಂದೇ. ಮಗು ಪುಸ್ತಕ ತಂದು ತೋರಿಸಿದಾಗ ‘ಈ ಪುಟ ಹಾಳಾಗಿದೆ, ಹರಿದು ಹಾಕು’ ಎನ್ನಬೇಡಿ. ಒಂದು ಪುಟ ಹರಿದರೆ ಹೊಲಿಗೆಯ ಆಚೆ ಬದಿಯ ಪುಟವೂ ಸಡಿಲಾಗುತ್ತದೆ. ಮಗುವಿನ ಧೈರ್ಯವೂ ಹಾಗೆಯೇ. ಚಿತ್ರದಲ್ಲಿರುವುದು ಎತ್ತೋ ಎಮ್ಮೆಯೋ ತಿಳಿಯದಿದ್ದರೆ ‘ಇದನ್ನು ಎಲ್ಲಿ ನೋಡಿದೆ?’ ಎಂದು ಕೇಳಿ. ಮಗು ಹೇಳುವ ಉತ್ತರವನ್ನು ಅದೇ ಪುಟದ ಅಂಚಿನಲ್ಲಿ ಬರೆಯಲು ಹೇಳಿ. ಆರು ತಿಂಗಳ ನಂತರ ಅದೇ ಎತ್ತನ್ನು ಮತ್ತೆ ಬರೆದು ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ತಾನು ಎಷ್ಟು ದೂರ ಬಂದೆ ಎಂಬುದು ಮಗುವಿಗೇ ತಿಳಿಯುತ್ತದೆ. ಅದಕ್ಕೆ ಆ ಹಾಳಾದ ಪುಟ ಇರಬೇಕು.