ವೇಗದ ಪ್ಲಾನ್ ಆಮೇಲೆ, ಮೊದಲು ಗಟ್ಟಿ ರೌಟರ್

ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಮೂರು ರೌಟರ್ ಹೋದವು. ಒಂದು ಸಿಡಿಲಿಗೆ. ಉಳಿದೆರಡು ಯಾಕೆ ಕೆಟ್ಟವೆಂದು ಮಾರಿದವರಿಗೂ ಗೊತ್ತಿಲ್ಲ. ಮಗಳು ಊರಿಗೆ ಬಂದು ಮನೆಯಿಂದಲೇ ಕಂಪೆನಿ ಕೆಲಸ ಮಾಡುತ್ತಾಳೆ. ಮೀಟಿಂಗಿನ ನಡುವೆ ಮೂರು ಸಲ ಲೈನ್ ಕಡಿದ ದಿನ, “ಅಪ್ಪಾ, ಹೀಗಾದ್ರೆ ನಾನು ಬೆಂಗಳೂರಿಗೇ ಹೋಗ್ಬೇಕಷ್ಟೆ” ಅಂದಳು. ಅಂದಿನಿಂದ ನಾನು ಈ ಡಬ್ಬಿಯನ್ನು ಪಂಪಿನಷ್ಟೇ ಮುಖ್ಯ ಎಂದು ನೋಡತೊಡಗಿದೆ.

ನಾವು ಹೆಚ್ಚಿನವರು ಮಾಡುವ ತಪ್ಪು ಒಂದೇ. ನೆಟ್ ಸರಿ ಇಲ್ಲ ಅಂದರೆ ಪ್ಲಾನ್ ಏರಿಸುವುದು. ವಿಡಿಯೋ ಮಾತುಕತೆಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ನೂರರ ಪ್ಲಾನ್ ಇದ್ದೂ ಮಾತು ಕಡಿಯುತ್ತದೆ ಅಂದರೆ ತೊಂದರೆ ಬೇರೆ ಕಡೆ ಉಂಟು. ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ: ಲ್ಯಾಪ್‌ಟಾಪನ್ನು ವಯರಿನಲ್ಲಿ ರೌಟರಿಗೆ ಜೋಡಿಸಿ ನೋಡಿ. ಆಗ ಸರಿ ನಡೆದರೆ ದೋಷ ವೈಫೈಯದ್ದು. ಕೆಂಪುಕಲ್ಲಿನ ದಪ್ಪ ಗೋಡೆ ಎರಡು ದಾಟುವಾಗ ಅದು ಸೊರಗುತ್ತದೆ. ವಯರಿನಲ್ಲೂ ಕಡಿದರೆ ಲೈನೋ ರೌಟರೋ ನೋಡಬೇಕು.

ಇನ್ನೊಂದು ಕಾಯಿಲೆ ಉಂಟು. ಎಲ್ಲ ಸ್ಪ್ರಿಂಕ್ಲರ್ ಲೈನಿನ ಗೇಟ್‌ವಾಲ್ವ್ ಒಟ್ಟಿಗೆ ತೆರೆದರೆ ಏನಾಗುತ್ತದೆ? ಯಾವುದೂ ಸರಿ ತಿರುಗುವುದಿಲ್ಲ. ಹಾಗೆಯೇ ಒಬ್ಬರ ಫೋನಿನಿಂದ ಮದುವೆ ವಿಡಿಯೋ ಮೇಲಕ್ಕೆ ಹೋಗುತ್ತಿದ್ದರೆ ಇನ್ನೊಬ್ಬರ ಮಾತು ತುಂಡಾಗುತ್ತದೆ. ಒಳ್ಳೆಯ ರೌಟರಿನಲ್ಲಿ ಎಲ್ಲರಿಗೂ ಸರದಿಯಂತೆ ಪಾಲು ಹಂಚುವ ವ್ಯವಸ್ಥೆ ಇರುತ್ತದೆ. ಅಗ್ಗದ ಡಬ್ಬಿಗಳಲ್ಲಿ ಅದು ಅಪರೂಪ.

ಅಂಗಡಿಯಲ್ಲಿ ಕೇಳಿದರೆ ಆರು ಕೊಂಬಿನ ರೌಟರ್ ತೋರಿಸುತ್ತಾರೆ. ಕೊಂಬು ಎಣಿಸಿ ರೌಟರ್ ಕೊಳ್ಳಬೇಡಿ. ಸಣ್ಣ ಕಚೇರಿಗಳಿಗೆಂದು ಮಾಡಿದ ರೌಟರ್ ನಮಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಲಾತ್ವಿಯಾ ದೇಶದ ಮೈಕ್ರೋಟಿಕ್‌ನ ಹೆಕ್ಸ್, ಟಿಪಿ-ಲಿಂಕ್‌ನ ಇಆರ್605 ಈ ಜಾತಿಯವು. ಎರಡರಲ್ಲೂ ಐದೈದು ಗಿಗಾಬಿಟ್ ಪೋರ್ಟ್. ಬೆಲೆ ಐದಾರು ಸಾವಿರದ ಆಸುಪಾಸು. ಫೈಬರ್ ಕೈಕೊಟ್ಟಾಗ ಎರಡನೆಯ ಲೈನಿಗೆ ತಾನಾಗಿ ಬದಲಾಗುವಂತೆ ಹೊಂದಿಸಬಹುದು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿಯುವ ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ.

ಇವುಗಳಲ್ಲಿ ವೈಫೈ ಇಲ್ಲ. ಅದು ಕೊರತೆ ಅಲ್ಲ, ಗುಣ! ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟನ್ನು ಜನ ಕೂರುವಲ್ಲಿ ಹಾಕಬಹುದು. ಮನೆಯಲ್ಲಿರುವ ಹಳೆ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿಕೊಂಡರೆ ಆ ಖರ್ಚೂ ಉಳಿಯಿತು. ಫುಟ್‌ವಾಲ್ವ್ ಹಾಳಾದರೆ ನಾವು ಪಂಪು ಎಸೆಯುತ್ತೇವೆಯೇ? ಇದೂ ಹಾಗೆಯೇ, ಕೆಟ್ಟದ್ದನ್ನು ಮಾತ್ರ ಬದಲಿಸಿದರಾಯಿತು.

ಕರೆಂಟಿನ ವಿಚಾರ. ಹೆಕ್ಸ್‌ನ ಆರ್‌ಬಿ750ಜಿಆರ್3 ಎಂಬ ಮಾದರಿ 8ರಿಂದ 30 ವೋಲ್ಟ್ ಡಿ.ಸಿ.ಯಲ್ಲಿ ನಡೆಯುತ್ತದೆ. ಅಂದರೆ ಸೋಲಾರಿನ 12 ವೋಲ್ಟ್ ಬ್ಯಾಟರಿಯೇ ಸಾಕು. ಎಲ್ಲ ಮಾದರಿಗಳೂ ಹೀಗಿಲ್ಲ. ಕೊಳ್ಳುವಾಗ ಹಿಂಬದಿಯ ಚೀಟಿ ಓದಿ. ಫೈಬರ್ ಕಂಪೆನಿಯವರು ಹಾಕಿದ ಡಬ್ಬಿಗೂ ಬ್ಯಾಕಪ್ ಬೇಕು ಎಂಬುದನ್ನು ಮರೆಯಬೇಡಿ.

ಸಿಡಿಲಿಗೆ ಯಾವ ದರ್ಜೆಯ ರೌಟರೂ ಒಂದೇ. ನಮ್ಮದು ಸುಟ್ಟದ್ದು ಮನೆಯಿಂದ ಅಡಿಕೆ ಗೋಡೌನಿಗೆ ಎಳೆದ ತಾಮ್ರದ ಲ್ಯಾನ್ ವಯರಿನಿಂದ. ಹತ್ತಿರ ಸಿಡಿಲು ಬಿದ್ದರೆ ಸಾಕು, ಅಂಥ ವಯರಿನಲ್ಲಿ ವಿದ್ಯುತ್ ಹುಟ್ಟಿ ಎರಡೂ ತುದಿಯ ಯಂತ್ರ ಸುಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರನ್ನೇ ಎಳೆಯಿರಿ, ಎರಡು ತುದಿಗೂ ಮೀಡಿಯಾ ಕನ್‌ವರ್ಟರ್ ಹಾಕಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಆದರೆ ಕೇಬಲಿನ ಬಲಕ್ಕಿರುವ ಲೋಹದ ತಂತಿಯನ್ನು ಯಂತ್ರದವರೆಗೆ ತರಬಾರದು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಳಚುವ ಹಳೆ ಅಭ್ಯಾಸವನ್ನೂ ಬಿಡಬೇಡಿ.

ಕಚೇರಿ ರೌಟರ್ ತಂದು ಕಪಾಟಿನ ಮೇಲಿಟ್ಟು ಮರೆಯುವಂತಿಲ್ಲ. 2018ರಲ್ಲಿ ಮೈಕ್ರೋಟಿಕ್‌ನ ತಂತ್ರಾಂಶದಲ್ಲಿ ತೂತು ಸಿಕ್ಕಿತು. ಕಂಪೆನಿ ಏಪ್ರಿಲಿನಲ್ಲೇ ತಿದ್ದುಪಡಿ ಕೊಟ್ಟಿತ್ತು. ಹಾಕಿಕೊಳ್ಳದವರ ಲಕ್ಷಾಂತರ ರೌಟರುಗಳಿಗೆ ಕನ್ನ ಬಿತ್ತು. ಆದ್ದರಿಂದ ಬೆಲೆ ಕೇಳುವ ಮೊದಲು “ಎಷ್ಟು ವರ್ಷ ಅಪ್‌ಡೇಟ್ ಬರ್ತದೆ?” ಎಂದು ಕೇಳಿ. ಬಂದದ್ದನ್ನು ಹಾಕಿಕೊಳ್ಳಿ. ಪಾಸ್‌ವರ್ಡ್ ಬದಲಿಸಿ. ಮೈಕ್ರೋಟಿಕ್ ಹೊಂದಿಸುವುದು ಸುಲಭವಲ್ಲ, ತಿಳಿದವರು ಹತ್ತಿರ ಇಲ್ಲದಿದ್ದರೆ ಇಆರ್605 ವಾಸಿ.

ಎಲ್ಲರಿಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಎರಡು ಫೋನು, ಒಂದು ಟಿ.ವಿ. ಇರುವ ಮನೆಗೆ ಕಂಪೆನಿ ಕೊಟ್ಟ ಡಬ್ಬಿಯೇ ಧಾರಾಳ. ಆದರೆ ಮನೆಯಲ್ಲಿ ಒಬ್ಬರ ಸಂಬಳ ನೆಟ್ಟಿನ ಮೇಲೆ ನಿಂತಿದ್ದರೆ ಐದಾರು ಸಾವಿರಕ್ಕೆ ಹಿಂದೆ ಮುಂದೆ ನೋಡಬಾರದು. ಬಾವಿಯ ಪಂಪಿಗೆ ನಾವು ಹಾಗೆ ನೋಡುವುದಿಲ್ಲ ತಾನೆ? ಮಕ್ಕಳು ಊರಲ್ಲಿ ನಿಲ್ಲುವುದಿಲ್ಲ ಎಂದು ನಾವು ಕೊರಗುತ್ತೇವೆ. ನಿಲ್ಲಲು ಬಂದವರನ್ನು ಒಂದು ಡಬ್ಬಿಗಾಗಿ ಕಳಿಸಿಕೊಡುವುದು ಬೇಡ.

ನಮ್ಮಲ್ಲಿ ಹೊಸ ರೌಟರ್ ಒಂದು ಮಳೆಗಾಲ ದಾಟಿದೆ. ಮಗಳು ಇಲ್ಲೇ ಇದ್ದಾಳೆ. ಹೆಚ್ಚು ಅನುಭವ ಇರುವವರು ಬರೆಯಿರಿ.