ಕಲ್ಲಿದ್ದಲ ಕರವು ಯಾರ ಸೊತ್ತು?

ಕಾಳಿದಾಸನು ರಘುವಂಶದಲ್ಲಿ ದಿಲೀಪನ ಕರಗ್ರಹಣವನ್ನು ಸೂರ್ಯನು ನೀರು ಹೀರುವುದಕ್ಕೆ ಹೋಲಿಸಿರುವನು. ಹೀರಿದುದು ಮಳೆಯಾಗಿ ಮರಳುವುದರಿಂದಲೇ ಆ ಹೋಲಿಕೆ ಸಾರ್ಥಕ. ಭಾರತ ಸರಕಾರವು 2010ನೆಯ ಇಸವಿ ಜುಲೈ 1ರಿಂದ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಉಪಕರವನ್ನು ವಿಧಿಸಿತು. ಅದು 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ಆಯಿತು. ಲೋಕವನ್ನು ಕಾಯಿಸುವ ಹೊಗೆಗೆ ಬೆಲೆ ಕಟ್ಟಿದುದು ನ್ಯಾಯವೇ. ಆದರೆ ಹೀರಿದ ನೀರು ಯಾವ ಹೊಲದ ಮೇಲೆ ಸುರಿಯಿತು?

2017-18ರ ವರೆಗೆ ಕೂಡಿದ ಹಣ ಸುಮಾರು 86,000 ಕೋಟಿ ರೂಪಾಯಿ. ಶುದ್ಧ ಇಂಧನದ ನಿಧಿಗೆ ಸೇರಿದುದು 30,000 ಕೋಟಿಗೂ ಕಡಿಮೆ. ಕೆಲಸಗಳಿಗೆ ಕೊಟ್ಟುದು ಸುಮಾರು 16,000 ಕೋಟಿ. 2017ರಲ್ಲಿ ಸರಕು-ಸೇವಾ ತೆರಿಗೆ ಬಂದೊಡನೆ ಅದೇ 400 ರೂಪಾಯಿ ರಾಜ್ಯಗಳ ನಷ್ಟ ತುಂಬುವ ಉಪಕರವೆಂದು ವೇಷ ಬದಲಿಸಿತು. 2025ರ ಸೆಪ್ಟೆಂಬರ 22ರಂದು ಅದೂ ಹೋಗಿ, ಕಲ್ಲಿದ್ದಲ ತೆರಿಗೆ ನೂರಕ್ಕೆ 5ರಿಂದ 18ಕ್ಕೆ ಏರಿತು. ತೂಕದ ಮೇಲಿದ್ದ ಕರವು ಬೆಲೆಯ ಮೇಲೆ ಕುಳಿತುದರಿಂದ, ಅಗ್ಗದ, ಬೂದಿಯೇ ಹೆಚ್ಚಾದ ಕಲ್ಲಿದ್ದಲಿಗೆ ಭಾರ ಹಗುರಾಯಿತು! ಈ ತರ್ಕವನ್ನು ಯಾವ ನೈಯಾಯಿಕನು ಒಪ್ಪಿಯಾನು?

ಸವದತ್ತಿ ತಾಲೂಕಿನ ಚಚಡಿಯನ್ನೇ ನೋಡಬಹುದು. 2019ರ ಆಗಸ್ಟಿನಲ್ಲಿ ಈ ಸೀಮೆಯ ಮಲಪ್ರಭೆಯ ದಂಡೆಯ ಊರುಗಳು ನೀರಿನಲ್ಲಿ ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆನಿಸಿದವು. ಎರಡು ದೀಪ, ಒಂದು ಪಂಖಾ ಇರುವ ಮನೆಯು ಆಕಾಶಕ್ಕೆ ಕಳಿಸಿದ ಹೊಗೆ ಎಷ್ಟು? ಆದರೂ ಆಕಾಶದ ಮುನಿಸು ಮೊದಲು ಎರಗುವುದು ಅದರ ಜೋಳ, ಹತ್ತಿಯ ಮೇಲೆ.

ಲೆಕ್ಕ ಸರಳವಾದುದು. ದೇಶವು 2024-25ರಲ್ಲಿ 100 ಕೋಟಿ ಟನ್ನಿಗೂ ಮೀರಿ ಕಲ್ಲಿದ್ದಲನ್ನು ಅಗೆದು ತೆಗೆಯಿತು. ಟನ್ನಿಗೆ 400ರಂತೆ 40,000 ಕೋಟಿ. ಅದನ್ನು ಸುಮಾರು 140 ಕೋಟಿ ಜನರಿಗೆ ಹಂಚಿದರೆ ತಲೆಗೆ 280 ರೂಪಾಯಿಯ ಮೇಲೆ. ಐವರ ಕುಟುಂಬಕ್ಕೆ ವರ್ಷಕ್ಕೆ 1,400. ಇನ್ನು ಭಾರ: ವಿದ್ಯುತ್ತಿನ ಒಂದು ಯುನಿಟ್ಟಿಗೆ ಸುಮಾರು ಮುಕ್ಕಾಲು ಕಿಲೋ ಕಲ್ಲಿದ್ದಲು, ಅದರ ಕರ 30 ಪೈಸೆ. ತಿಂಗಳಿಗೆ 50 ಯುನಿಟ್ ಉರಿಸುವ ಮನೆಗೆ ವರ್ಷಕ್ಕೆ 180 ರೂಪಾಯಿ. ಸಿಮೆಂಟು, ಕಬ್ಬಿಣಗಳಲ್ಲಿ ಅಡಗಿದ್ದನ್ನು ಕೂಡಿಸಿದರೂ ಅಂಥ ಮನೆಗೆ ಲಾಭವೇ. ತಂಪುಯಂತ್ರಗಳ ಬಂಗಲೆಯು ಹೆಚ್ಚು ತೆರುವುದು. ಪಾಲು ಮಾತ್ರ ಇಬ್ಬರಿಗೂ ಸಮ.

ಮನೆಮನೆಗೆ ಹಣ ಮುಟ್ಟಿಸುವುದು ಅಸಾಧ್ಯವೆಂಬ ಪೂರ್ವಪಕ್ಷವು 2023ರ ಆಗಸ್ಟಿನಲ್ಲಿಯೇ ಸತ್ತಿತು. ಗೃಹಲಕ್ಷ್ಮಿಯ 2,000 ರೂಪಾಯಿ ಕೋಟಿಗೂ ಮೀರಿದ ಗೃಹಿಣಿಯರ ಖಾತೆಗೆ ಹೋದುದನ್ನು ಲೋಕವೇ ಕಂಡಿದೆ. ರಾಜ್ಯಗಳಿಗೆ ಕೊಟ್ಟುದೂ ಜನರಿಗೆ ಕೊಟ್ಟಂತೆಯೇ ಅಲ್ಲವೇ ಎನ್ನುವವರುಂಟು. ಬೊಕ್ಕಸದಲ್ಲಿ ಬೆರೆತ ಹಣಕ್ಕೆ ಹೆಸರಿಲ್ಲ. ಹೆಸರಿಲ್ಲದ್ದನ್ನು ಬಡವನು ಕೇಳಲಾರ. ಗೃಹಜ್ಯೋತಿಯ ಉಚಿತ ವಿದ್ಯುತ್ತು ಇರಲು ಇದೇಕೆ ಎಂಬವರು ಅದರ ನಿಯಮವನ್ನು ಓದಬೇಕು: 2022-23ರ ಸರಾಸರಿ ಬಳಕೆಗೆ ತುಸು ಕೂಡಿಸಿ, 200 ಯುನಿಟ್ಟಿನ ಮಿತಿಯೊಳಗೆ ಉಚಿತ. ಹೆಚ್ಚು ಉರಿಸಿದ್ದವನಿಗೆ ಹೆಚ್ಚು ಬಹುಮಾನ, ಮಿತವ್ಯಯಿಗೆ ಕಡಿಮೆ!

ಸ್ವಿಟ್ಜರ್ಲಂಡ್ 2008ರಿಂದ ಇಂಥ ಕರವನ್ನು ಎತ್ತಿ, ಸುಮಾರು ಮೂರರಲ್ಲಿ ಎರಡು ಪಾಲನ್ನು ಜನರಿಗೂ ಉದ್ಯಮಗಳಿಗೂ ಮರಳಿಸುತ್ತಿದೆ. ಕೆನಡಾ 2019ರಿಂದ ಮರಳಿಸಿತು. ಆದರೆ ಖಾತೆಗೆ ಬಿದ್ದ ಹಣ ಯಾವುದರದೆಂದು ಬಹುಮಂದಿಗೆ ತಿಳಿಯದೆ ಹೋಯಿತು, ಕರದ ಸಿಟ್ಟು ಮಾತ್ರ ಉಳಿಯಿತು, 2025ರ ಏಪ್ರಿಲ್ 1ರಂದು ಸಾಮಾನ್ಯ ಬಳಕೆದಾರರ ಮೇಲಿನ ಆ ಕರವೇ ನಿಂತಿತು. ಆದುದರಿಂದ ದಿಲ್ಲಿಯವರು ಟನ್ನಿನ ಲೆಕ್ಕಕ್ಕೆ ಮರಳಲಿ. ಚಚಡಿಯ ಗೃಹಿಣಿಯ ಪಾಸ್‌ಬುಕ್ಕಿನಲ್ಲಿ ‘ಕಲ್ಲಿದ್ದಲ ಕರದ ಪಾಲು’ ಎಂದು ಕನ್ನಡದಲ್ಲಿ ಅಚ್ಚಾಗಿ, ಅದರ ಮುಂದೆ ಮೊತ್ತ ಬೀಳಲಿ.