ಚಂದಾ ಎತ್ತಿ ಎತ್ತಿ ಸಾಕಾಯ್ತು, ಒಂದು ಹುಂಡಿ ಬೇಕು

ಮುಂಬಯಿಗೆ ಬಂದು ಮೂವತ್ತೊಂದು ವರ್ಷ ಆಯ್ತು. ಈ ಊರಲ್ಲಿ ಆಸ್ಪತ್ರೆ ಬಿಲ್ಲಿಗೆಂದು ಎಷ್ಟು ಸಲ ಚಂದಾ ಎತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಆಗ ಕೈಯಲ್ಲಿ ರಸೀದಿ ಪುಸ್ತಕ, ಈಗ ವಾಟ್ಸಾಪ್‌ನಲ್ಲಿ ಕ್ಯೂಆರ್ ಕೋಡ್. ಅಷ್ಟೇ ವ್ಯತ್ಯಾಸ.

ಕಳೆದ ತಿಂಗಳೂ ಎತ್ತಿದೆವು. ಕುಂದಾಪುರ ಕಡೆಯ ಹುಡುಗ, ಅಂಧೇರಿಯ ಹೋಟೆಲಿನಲ್ಲಿ ಸಪ್ಲಾಯರ್. ಅಪೆಂಡಿಕ್ಸ್ ಒಡೆದು ರಾತ್ರೋರಾತ್ರಿ ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ರೇಷನ್ ಕಾರ್ಡು ಊರಲ್ಲಿ, ಅಮ್ಮನ ಹತ್ತಿರ. ಆಯುಷ್ಮಾನ್ ಕಾರ್ಡು ಮಾಡಿಸಿರಲಿಲ್ಲ. ಮಾಡಿಸಿದ್ದರೂ ಉಪಯೋಗ ಇರಲಿಲ್ಲ, ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೇ ಇಲ್ಲ! ಬಿಲ್ಲು ಒಂದು ಲಕ್ಷ ಎಂಬತ್ತು ಸಾವಿರ. ಹುಡುಗ ಬದುಕಿದ, ದೇವರು ದೊಡ್ಡವನು. ಆದರೆ ಅವನು "ಅಣ್ಣಾ, ಇದ್ನ ಹ್ಯಾಂಗೆ ತೀರ್ಸುದು?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ.

ನನ್ನ ಅಕ್ಕನ ಮಗ ಕೆನಡಾದ ಸಸ್ಕಟೂನ್‌ನಲ್ಲಿದ್ದಾನೆ. ಅವನಿಗೂ ಇದೇ ಆಪರೇಷನ್ ಆಗಿತ್ತು. ಹೆಲ್ತ್ ಕಾರ್ಡು ತೋರಿಸಿ ಒಳಗೆ ಹೋದ, ಮೂರನೇ ದಿನ ಮನೆಗೆ ಬಂದ. ಬಿಲ್ಲೇ ಇಲ್ಲ. ಯಾರೋ ಧರ್ಮಕ್ಕೆ ಕೊಟ್ಟಿದ್ದಲ್ಲ. ಎಲ್ಲರ ತೆರಿಗೆ ಸರ್ಕಾರದ ಒಂದೇ ಹುಂಡಿಗೆ ಬೀಳುತ್ತದೆ, ಡಾಕ್ಟರಿಗೂ ಆಸ್ಪತ್ರೆಗೂ ಆ ಹುಂಡಿಯಿಂದಲೇ ದುಡ್ಡು. ಇದಕ್ಕೇ ಸಿಂಗಲ್ ಪೇಯರ್ ಅನ್ನುತ್ತಾರೆ.

"ಅದು ಶ್ರೀಮಂತ ದೇಶ ಬಿಡಿ" ಅನ್ನಬೇಡಿ. ಇದು ಶುರುವಾದದ್ದು ಸಸ್ಕ್ಯಾಚುವಾನ್‌ನ ಗೋಧಿ ರೈತರ ಹಳ್ಳಿಗಳಲ್ಲಿ. ಡಾಕ್ಟರು ಊರು ಬಿಟ್ಟು ಹೋಗದಿರಲಿ ಅಂತ 1915ರ ಸುಮಾರಿಗೇ ಅಲ್ಲಿನ ಒಂದು ಸ್ಥಳೀಯ ಆಡಳಿತ ತೆರಿಗೆ ದುಡ್ಡಲ್ಲಿ ಅವರಿಗೆ ಸಂಬಳ ಕೊಟ್ಟಿತು. 1946ರಲ್ಲಿ ಸ್ವಿಫ್ಟ್ ಕರೆಂಟ್ ಪ್ರದೇಶದ ಜನ, ಮೊದಲೇ ಓಟು ಹಾಕಿ ಒಪ್ಪಿದ ಪ್ರಕಾರ, ತಮ್ಮದೇ ತೆರಿಗೆಯಿಂದ ಎಲ್ಲರ ಚಿಕಿತ್ಸೆ ನಡೆಸತೊಡಗಿದರು. 1962ರ ಜುಲೈ 1ರಂದು ಯೋಜನೆ ಇಡೀ ಪ್ರಾಂತ್ಯಕ್ಕೆ ಬಂದಾಗ ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು. ಜನ ಕೈಕಟ್ಟಿ ಕೂರಲಿಲ್ಲ. ತಾವೇ ದುಡ್ಡು ಕೂಡಿಸಿ ಸಮುದಾಯ ಕ್ಲಿನಿಕ್ಕುಗಳನ್ನು ತೆರೆದು, ಯೋಜನೆ ಒಪ್ಪಿದ ಡಾಕ್ಟರುಗಳನ್ನು ಕರೆದು ಕೂರಿಸಿದರು. ಯೋಜನೆ ಉಳಿಯಿತು. 1972ರ ಹೊತ್ತಿಗೆ ಇಡೀ ಕೆನಡಾಕ್ಕೆ ಹಬ್ಬಿತು.

ನೋಡಿ, ಅವರೂ ದುಡ್ಡು ಕೂಡಿಸಿದರು, ನಾವೂ ಕೂಡಿಸುತ್ತೇವೆ. ನಮ್ಮದು ಒಂದು ಬಿಲ್ಲಿಗೆ. ಅವರದ್ದು, ಮುಂದೆ ಯಾರಿಗೂ ಬಿಲ್ಲೇ ಬಾರದಿರಲಿ ಅಂತ.

ನಮ್ಮಲ್ಲಿ ಮಾತೇ ಆಗಿಲ್ಲ ಅಂತಲ್ಲ. ಅದೇ 1946ರಲ್ಲಿ ಭೋರ್ ಸಮಿತಿ, ದುಡ್ಡಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಬರೆದಿತ್ತು. 2018ರಲ್ಲಿ ಬಂದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷವೇನೋ ಇದೆ. ಆದರೆ ಅದು ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದರೆ ಮಾತ್ರ. ತಿಂಗಳು ತಿಂಗಳು ನುಂಗುವ ಬಿಪಿ, ಶುಗರ್ ಮಾತ್ರೆಗೆ ಜೇಬೇ ಗತಿ. 2000ದಿಂದ ಜನ ಸ್ವಾಸ್ಥ್ಯ ಅಭಿಯಾನದ ಕಾರ್ಯಕರ್ತರು ಆರೋಗ್ಯ ಹಕ್ಕಾಗಬೇಕು ಅಂತ ಊರೂರಲ್ಲಿ ಕೂಗುತ್ತಿದ್ದಾರೆ. 2023ರ ಮಾರ್ಚಿನಲ್ಲಿ ರಾಜಸ್ಥಾನ ಆರೋಗ್ಯ ಹಕ್ಕಿನ ಕಾಯ್ದೆ ಪಾಸು ಮಾಡಿತು, ದೇಶದಲ್ಲೇ ಮೊದಲು. ಅಲ್ಲೂ ಖಾಸಗಿ ಡಾಕ್ಟರುಗಳ ಮುಷ್ಕರ! ಅದು ಒಂದೇ ಹುಂಡಿಯ ಯೋಜನೆಯೇನಲ್ಲ, ಆದರೂ ದಾರಿಯ ಒಂದು ಮೆಟ್ಟಿಲು.

ಸರ್ಕಾರದ ಕೈಗೆ ಕೊಟ್ಟರೆ ಕೆಡುತ್ತದೆ ಅನ್ನುವವರಿದ್ದಾರೆ. ಕೆನಡಾದಲ್ಲೂ ಮೊಣಕಾಲು ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು, ನಿಜ. ಆದರೆ ಕಾಯುವುದಕ್ಕೂ, ಊರಿನ ಗದ್ದೆ ಅಡವಿಡುವುದಕ್ಕೂ ವ್ಯತ್ಯಾಸ ಇಲ್ಲವೇ?

ನಮ್ಮ ಸಂಘಗಳ ರಾಜ್ಯೋತ್ಸವಕ್ಕೆ ಊರಿನ ಮಂತ್ರಿಗಳು ಬರುತ್ತಾರೆ, ಇಲ್ಲಿನ ಶಾಸಕರೂ ಬರುತ್ತಾರೆ. ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಕಳಿಸುತ್ತೇವೆ. ಈ ಸಲ ಶಾಲಿನ ಜೊತೆ ಒಂದು ಮನವಿಯನ್ನೂ ಕೊಡೋಣ. ಕಾರ್ಡು ಯಾವ ಊರಿನದೇ ಆಗಲಿ, ಖಾಯಿಲೆ ಬಿದ್ದ ಊರಲ್ಲೇ ಚಿಕಿತ್ಸೆ, ದುಡ್ಡು ಒಂದೇ ಹುಂಡಿಯಿಂದ. ಕರಡು ನಾನು ಬರೆಯುತ್ತೇನೆ, ಸಹಿ ನಿಮ್ಮದು.

ಹುಡುಗನ ಬಿಲ್ಲಿಗೆ ಇನ್ನೂ ನಲವತ್ತು ಸಾವಿರ ಬಾಕಿ ಇದೆ. ಅದಕ್ಕೂ ಕೈ ಜೋಡಿಸಿ. ಇದೇ ಕೊನೆಯದಾಗಲಿ ಅಂತ ಆಸೆ.

ನೀವೇನಂತೀರಿ?